ಒತ್ತಿದ ಹೊತ್ತು

ಬನಹಟ್ಟಿಯ ಈ ಕೋಣೆಯ ಗೋಡೆಗಳಿಗೆ
ನಾಲ್ಕು ಕೌದಿ ಬಡಿದಿದ್ದೇವೆ, ಬಾಗಿಲಿಗೆ ಇನ್ನೊಂದು.
ಆದರೂ ಓಣಿಯ ಮಗ್ಗಗಳು
ನೆಲದಡಿಯಿಂದ ಒಳಗೆ ಬರುತ್ತವೆ, ಚಪ್ಪಲಿ ಕಳಚದೆ.

ದಾನಪ್ಪ ಹುನ್ನೂರ, ಐವತ್ತೆಂಟು.
ಪಾವರ್‌ಲೂಮು, ಮೂವತ್ತೊಂದು ವರ್ಷ.
ಕಿವಿಗೆ ಹೆಡ್‌ಫೋನು, ಕೈಗೆ ಗುಂಡಿ.
"ಸಣ್ಣಗ ಕೇಳಿದ್ರೂ ಒತ್ರಿ ಕಾಕಾ."
"ಏನಂದಿ?"
ಹೆಬ್ಬೆರಳು ಆಡಿಸಿ ತೋರಿಸಿದೆ. ನಕ್ಕ. ಕಣ್ಣು ಮುಚ್ಚಿದ.

ಐನೂರು ಹರ್ಟ್ಸಿಗೆ ಒತ್ತಿದ.
ಸಾವಿರಕ್ಕೆ, ತುಸು ತಡೆದು, ಒತ್ತಿದ.
ಎರಡು ಸಾವಿರಕ್ಕೆ ಹುಬ್ಬು ಗಂಟಿಕ್ಕಿತು.
ನಾಲ್ಕು ಸಾವಿರ:
ಐವತ್ತು ಡೆಸಿಬೆಲ್, ಅರವತ್ತು, ಎಪ್ಪತ್ತು,
ನನ್ನ ಹಲ್ಲು ಜುಮ್ಮೆನ್ನುವಷ್ಟು.
ಅವನ ಹೆಬ್ಬೆರಳು
ಎಳೆ ಹರಿದ ಮಗ್ಗದ ಲಾಳಿಯಂತೆ ನಿಂತೇ ಇತ್ತು.

ನಾದ ನಿಲ್ಲಿಸಿ ನೀರು ಕುಡಿಯುತ್ತಿದ್ದೆ,
ಅವನ ಗುಂಡಿಯ ದೀಪ ಹತ್ತಿತು.
ನಾನೇನೂ ಕೊಟ್ಟಿರಲಿಲ್ಲ.
ಸುಳ್ಳು ಉತ್ತರವೆಂದು ಬರೆಯಲು ಪೆನ್ನೆತ್ತಿದೆ,
ಆಗ ನನಗೂ ಕೇಳಿಸಿತು
ಕರೆಂಟು ಹೋಗಿದ್ದು.
ನನ್ನ ಯಂತ್ರಕ್ಕೆ ಬ್ಯಾಟರಿ ಇದೆ,
ಊರಿಗಿಲ್ಲ.

ಅವನು ಕಣ್ಣು ತೆರೆಯಲೇ ಇಲ್ಲ.
ಬರಿಗಾಲನ್ನು ನೆಲಕ್ಕೆ ಇನ್ನಷ್ಟು ಊರಿ,
"ನಿಂತ್ವು ನೋಡವ್ವಾ," ಅಂದ,
"ಮೂರೂ ಓಣ್ಯಾವು.
ಕಡೀದ್ದು ನಮ್ಮದು."

ಬಲಗಿವಿಗೆ ಕೆಂಪು ಸೊನ್ನೆ,
ಎಡಕ್ಕೆ ನೀಲಿ ಕತ್ತರಿ ಗುರುತು.
ಅಂಗಾಲಿಗೆ?
ಹಾಳೆಯಲ್ಲಿ ಅದಕ್ಕೊಂದು ಮನೆಯಿಲ್ಲ.
ಪೆನ್ನು ಹಾಗೇ ಹಿಡಿದು ಕೂತೆ,
ಜಾಸ್ತಿ ಹೊತ್ತಲ್ಲ. ಇಷ್ಟು ನಿಶ್ಶಬ್ದ
ಈ ಊರಿನಲ್ಲಿ ಮತ್ತೆ ಯಾವಾಗ ಸಿಕ್ಕೀತು?
ಕರೆಂಟು ಬರುವುದರೊಳಗೆ ಮುಗಿಸಬೇಕು.
ಸಾವಿರದಿಂದ ಮತ್ತೆ ಶುರು ಮಾಡಿದೆ,
ಅತಿ ಸಣ್ಣಗೆ.