ಏಳನೇ ತರಗತಿಯ ವಿಜ್ಞಾನ

ಉತ್ತರ ಡಕೋಟಾದ ಫೆಬ್ರವರಿ.
ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ,
ಒಳಗೆ ಊಟದ ಮೇಜಿನ ಮೇಲೆ ಮೂರು ಪುಸ್ತಕ,
ನಡುವೆ ಬೆಣ್ಣೆಯ ತಟ್ಟೆ.

ಮೊದಲನೆಯದು ಭೂಮಿಗೆ ಆರು ಸಾವಿರ ವರ್ಷ ಎನ್ನುತ್ತದೆ,
ಹಿಟ್ಟಿನ ಅಳತೆ ಹೇಳಿದಷ್ಟು ಸಲೀಸಾಗಿ.
ಅತ್ತೆ ಕೊಟ್ಟದ್ದು. ಚರ್ಚಿನ ಮೆಟ್ಟಿಲಲ್ಲಿ ಕೇಳುತ್ತಾರೆ,
ತೆರೆದು ನೋಡಿದೆಯಾ ಅಂತ.

ಎರಡನೆಯದರ ಜೊತೆ ಪೆಟ್ಟಿಗೆಯೂ ಬರುತ್ತದಂತೆ:
ಲಿಟ್ಮಸ್ ಕಾಗದ, ಮಸೂರ,
ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕಪ್ಪೆ.
ಆ ದುಡ್ಡಿಗೆ ಟ್ರ್ಯಾಕ್ಟರಿಗೊಂದು ಹೊಸ ಬ್ಯಾಟರಿ ಬರುತ್ತದೆ
ಎಂದು ಆರ್ಲೆನ್ ಹೇಳಲಿಲ್ಲ;
ಹಳೆಯದನ್ನು ಹೊತ್ತು ತಂದು
ಒಲೆಯ ಪಕ್ಕ ಬೆಚ್ಚಗಿಟ್ಟ, ಅಷ್ಟೆ.

ನಾನೇನು ಆರಿಸಲಿ?
ಎಂಟನೇ ತರಗತಿಯಲ್ಲಿ, ಬೋರ್ಡಿನ ಮುಂದೆ,
ಜಡತ್ವದ ನಿಯಮ ಬರೆಯಲಾಗದೆ
ಜಡವಾಗಿ ನಿಂತವಳು.

ಮೂರನೆಯದರ ರಟ್ಟು ಹರಿದಿದೆ,
ಲೈಬ್ರರಿಯ ಮಾರಾಟದಲ್ಲಿ ಒಂದು ಡಾಲರ್.
ಅರವತ್ತೆರಡನೇ ಪುಟ: ಉಪ್ಪಿನ ಹರಳು ಬೆಳೆಸುವುದು.
ಅಂಚಿನಲ್ಲಿ ಯಾವುದೋ ಮಗುವಿನ ಪೆನ್ಸಿಲ್—
'ನಮಗೆ ಹೀಗೆ ಬರಲಿಲ್ಲ. ಮೂರು ಸಲ ಮಾಡಿದೆವು.'
ಅದರ ಕೆಳಗೆ ದೊಡ್ಡವರ ಕೈಬರಹ—
'ನಾಲ್ಕನೇ ಸಲವೂ.'

ಸಿಗ್ನೆ ಓದಿದಳು.
ಬೆರಳಿಟ್ಟುಕೊಂಡು ಮತ್ತೊಮ್ಮೆ ಓದಿದಳು.
ದಾರ ಎಲ್ಲಿದೆ ಅಂದಳು.

ಉಪ್ಪಿನ ಡಬ್ಬಿ ಇಳಿಸಿಕೊಟ್ಟೆ, ನೀರು ಕಾಯಿಸಿದೆ.
ಆರ್ಲೆನ್ ಬ್ಯಾಟರಿಯನ್ನು ಕಾಲಿನಲ್ಲೇ ಸರಿಸಿ
ಗಾಜಿನ ಲೋಟಕ್ಕೆ ಜಾಗ ಮಾಡಿದ.

ಅತ್ತೆಗೆ ಏನು ಹೇಳುವುದೋ.
ಭಾನುವಾರಕ್ಕಿನ್ನು ಎರಡೇ ದಿನ.