ಓದಿ ಸುಡು

ಪ್ರತಿ ಪತ್ರದ ಕೊನಿಗೆ, ಸಹಿ ಕೆಳಗ,
ಸಣ್ಣ ಅಕ್ಷರದಾಗ ಬರೀತಿದ್ದ: ಓದಿ ಸುಡು.
ನಾ ಓದಿದೆ. ಸುಡಲಿಲ್ಲ.
ಗುಳೇದಗುಡ್ಡದ ಈ ಅಂಗಡಿ ಮಾಡದಾಗ
ಖಣದ ಥಾನುಗಳ ನಡುವ ಇಟ್ಟು
ವರ್ಷಾ ನುಸಿಗುಳಿಗಿ ಬದಲಿಸಿದೆ.

ಈಗ ಅವನ ಮಗ ಬಂದಾನ, ಬಿಳೀ ಕಾರಿನಾಗ,
ಸಂಗಡ ಒಬ್ಬ ಮಾಸ್ತರ, ಒಬ್ಬ ಫೋಟೋದವ.
ಸ್ಮರಣ ಸಂಚಿಕೆ ಅಂತ.
ಬಾಗಲಕೋಟಿ ನವನಗರದಾಗ ಪುತ್ಥಳಿ ಅಂತ.
"ಕಾಕಾ, ಅಪ್ಪಾಜಿ ನಿಮಗ ಬರದದ್ದು ಭಾಳ ಅದಾವಂತ."

ಅದಾವ.
ಮಾಸ್ತರಗ ಬೇಕಾದದ್ದು ನಾಡು, ನುಡಿ, ನೇಕಾರನ ಬಾಳು.
ಅಂಥವು ಎರಡು ಸಿಕ್ಕವು. ಎರಡೂ
ನಾನ ಹೇಳಿ ಬರೆಸಿದ್ದು, ಪೇಪರಿಗೆ ಕೊಡಾಕ.
ಉಳಿದದ್ದರಾಗ ಏನೈತಿ?
ಹುನಗುಂದದಾಗ ಯಾರಿಗೆ ಎಷ್ಟು ಕೊಟ್ಟರ ಸುಮ್ಮನಾದಾರು.
ಮುರಿಗೆಪ್ಪ ನಕ್ಕರ ನಂಬಬ್ಯಾಡ,
ಅತ್ತರ ಮಾತ್ರ ಜೀಪು ಕಳಿಸು.
ಮೂಲವ್ಯಾಧಿ ಜೋರಾಗೇತಿ, ಸದನದಾಗ ಕುಂದ್ರಾಕ ಆಗವಲ್ದು,
ಪೇಪರಿನವರು ಅದನ್ನ
ದಿನವಿಡೀ ನಿಂತು ಪ್ರತಿಭಟಿಸಿದರು ಅಂತ ಬರದಾರ.
ನಿಮ್ಮ ವೈನಿಗೆ ಎರಡು ಖಣ ಬೇಕಂತ, ಆನಿಹೆಜ್ಜಿದು, ಕಡುಗೆಂಪು.
ರೊಕ್ಕ ಆಮ್ಯಾಲ.

ಒಂದು ಪತ್ರ ಅವರ ಮುಂದ ಬಿಚ್ಚಲಿಲ್ಲ.
ತಿಕೀಟು ನನಗ ಅಂತ ಊರಾಗ
ಗುಲಾಲು ಹಾರಿಸಿದ ವರ್ಷದ್ದು.
"ಎಣಿಕಿಯೊಳಗ ನಿನ್ನ ಮಂದಿ ಕಡಿಮಿ ಬಿದ್ದರು, ಅಡಿವೆಪ್ಪ.
ಮಗ್ಗದವರ ಓಟು ಒಂದ ಕಡೆ ನಿಲ್ಲೂದಿಲ್ಲ ಅಂತಾರ ಮ್ಯಾಲಿನವರು.
ನಾ ಸುಮ್ಮನ ಕುಂತಿದ್ದೆ.
ನನ್ನ ಬೈ. ಬೈದು ಬರಿ."

ಬರದೆ. ರಾತ್ರಿಯೆಲ್ಲ, ಲಾಂದ್ರದ ಬತ್ತಿ ಏರಿಸಿಕೋಂತ,
ಹನ್ನೊಂದು ಹಾಳಿ.
ಕೆಳಗ ನಾನೂ ಹಾಕಿದೆ, ಅವನದ ರೂಢಿ: ಓದಿ ಸುಡು.

ಅದಕ್ಕ ಬಂದ ಉತ್ತರ ಇದು. ಬಯಲು ಕಾರ್ಡು,
ಟಪಾಲಿನವ ಓದಿರಬೇಕು, ಅವನ ಹೇಣ್ತಿನೂ.
ಒಂದ ಸಾಲು:
"ನೀ ಬರದದ್ದು ಖರೆ ಐತಿ."

ಮಗ ಕೇಳ್ತಾನ, "ಯಾವದು ಖರೆ, ಕಾಕಾ?
ಅಪ್ಪಾಜಿ ಟ್ರಂಕಿನಾಗ ನಿಮ್ಮದು ಒಂದೂ ಪತ್ರ ಇಲ್ಲ."

ಹಂಗಾರ ಸುಟ್ಟಾನ.
ಎಷ್ಟೋ ಮಾತು ಕೊಟ್ಟಿದ್ದ, ನಡೆಸಿದ್ದು ಇದೊಂದು,
ಇದು ಅಂವ ಕೊಟ್ಟದ್ದೂ ಅಲ್ಲ.

ಹನ್ನೊಂದು ಹಾಳಿಯಾಗ ಒಂದು ಶಬ್ದ ನೆನಪಿಲ್ಲ ನನಗ.
ಲಾಂದ್ರದ ಗಾಜು ಒಡದದ್ದು ನೆನಪೈತಿ,
ಬೆಳಗಾಮುಂಜಾನೆ ಬಾಜೂ ಮನಿ ಕುಣಿಮಗ್ಗ ಸುರುವಾದದ್ದು.

ಫೋಟೋದವ ಕಾರ್ಡನ್ನ ಕಿಟಕಿ ಕಡೆ ಹೊಳ್ಳಿಸಿ ಹಿಡಿತಾನ.
ಮಾಸ್ತರ ಬರಕೊಳ್ತಾನ:
ನಾಯಕರ ಸತ್ಯನಿಷ್ಠೆಗೆ ಸಾಕ್ಷಿ.
ಹೌದಲ್ಲರಿ? ಅಂತಾನ.

ಹೌದು, ಬರಕೋರಿ ಅಂದೆ.
ಆ ಎರಡು ಖಣದ ಬಾಕೀನೂ ಬರಕೋರಿ ಅನ್ನಾಕ
ಬಾಯಿತನಕ ಬಂದಿತ್ತು.
ಚಾ ತರಿಸಿದೆ.