ಎಂಟೂ ಹಸಿರು

ವಾಲ್ವಿಸ್ ಬೇ. ರಾತ್ರಿ ಪಾಳಿ. ಕಡಲ ಮಂಜು
ಮೀನು ಕಾರ್ಖಾನೆಯ ತಗಡಿನ ಮೇಲೆ ಕೂತು ತೊಟ್ಟಿಕ್ಕುತ್ತಿದೆ.
ನಾಲ್ಕನೇ ತಕ್ಕಡಿ ಮತ್ತೆ ಕೈಕೊಟ್ಟಿತೆಂದು ಕರೆ.
ತಕ್ಕಡಿ ತೂಗುತ್ತದೆ, ಅಂಕಿ ಮೂಡುತ್ತದೆ,
ಆಫೀಸಿನ ಕಂಪ್ಯೂಟರನ್ನು ಮಾತ್ರ ಮುಟ್ಟುವುದಿಲ್ಲ.
ಮುಟ್ಟದ ಕಿಲೋಗೆ ಕೂಲಿಯಿಲ್ಲ.

ಟೆಸ್ಟರ್ ತೆಗೆದೆ. ಈ ತುದಿಗೆ ತಾಯಿ, ಆ ತುದಿಗೆ ಮರಿ.
ಒಂದು, ಎರಡು, ಮೂರು...
ಎಂಟೂ ದೀಪ ಸರದಿ ತಪ್ಪದೆ ಹಸಿರಾದವು,
ಹಾಜರಿ ಕೂಗಿದಾಗ ಎದ್ದು ನಿಲ್ಲುವ ಮಕ್ಕಳ ಹಾಗೆ.
“ಕೇಬಲ್ ಸರಿಯಿದೆ” ಅಂದೆ.
ಕಳೆದ ತಿಂಗಳೂ ಇದನ್ನೇ ಅಂದಿದ್ದೆ.

ನಂಗುಲಾ ಈಪಿಂಗೆ ಕೈಗವಸು ಕಳಚಿದಳು.
ಹದಿನಾಲ್ಕು ವರ್ಷ ಹೇಕ್ ಮೀನಿನ ಮುಳ್ಳು ಬಿಡಿಸಿದ ಬೆರಳು
ನನ್ನನ್ನು ಕಂಬದ ಹಿಂದಕ್ಕೆ ಕರೆಯಿತು.
ಅಲ್ಲಿ ಸೀಮೆಸುಣ್ಣದ ಗೀಟು, ಸಾಲು ಸಾಲು.
ಕಳೆದುಹೋದ ತೂಕ. ಪಕ್ಕದಲ್ಲಿ ಹೊತ್ತು.
“ನಿನ್ನ ದೀಪ ಎಷ್ಟು ಹೊತ್ತು ನೋಡಿತು, ತಂಗೇನಿ?
ನಾನು ಅರವತ್ತೊಂದು ರಾತ್ರಿ ನೋಡಿದ್ದೇನೆ.
ಶೈತ್ಯಕೋಣೆಯ ಹೊಸ ಮೋಟಾರು ಗುಡುಗುತ್ತಲ್ಲ,
ಆಗ ಹೋಗುತ್ತದೆ. ಬೇರೆ ಹೊತ್ತು ಹೋಗುವುದಿಲ್ಲ.”

ಬಂದರಿನವರಿಂದ ದೊಡ್ಡ ಯಂತ್ರ ಕಡ ತಂದೆ,
ನನ್ನ ಕಾರಿಗಿಂತ ಹೆಚ್ಚು ಬೆಲೆಯದು.
ತಂತಿಯ ಎರಡೂ ತುದಿಗೆ ಅದನ್ನು ಕಟ್ಟಿದೆ.
ತೆರೆಯ ಮೇಲೆ ಕೆಂಪು:
ಜೋಡಿ ಒಡೆದಿದೆ.

ಕೇಬಲಿನೊಳಗೆ ಎಂಟು ಎಳೆ, ನಾಲ್ಕು ಸಂಸಾರ.
ಪ್ರತಿ ಜೋಡಿಯೂ ಒಂದನ್ನೊಂದು ಸುತ್ತಿಕೊಂಡೇ ನಡೆಯುತ್ತದೆ.
ಹೊರಗಿನ ಗದ್ದಲ ಒಂದಕ್ಕೆ ಬಡಿದಷ್ಟೇ ಇನ್ನೊಂದಕ್ಕೂ ಬಡಿದು
ಮನೆ ಮುಟ್ಟುವ ಹೊತ್ತಿಗೆ ಕಳೆದು ಸೊನ್ನೆ.
ಆದರೆ ಮೂರನೆಯದಕ್ಕೆ ಜೊತೆ ಆರು, ನಾಲ್ಕಲ್ಲ.
ಇದು ಹೊಸಬನ ತಲೆಗೆ ಹೊಳೆಯುವ ಲೆಕ್ಕವಲ್ಲ.
ಅವನು ಬಣ್ಣ ನೋಡಿ ಪಕ್ಕಪಕ್ಕ ಕೂರಿಸುತ್ತಾನೆ,
ಎಷ್ಟು ಅಚ್ಚುಕಟ್ಟು ಎಂದು ಹಿಗ್ಗುತ್ತಾನೆ.
ಎಳೆಯೆಲ್ಲ ತುದಿ ತಲುಪುತ್ತವೆ, ಹೌದು,
ಮಾತು ಮಾತ್ರ ಅಪರಿಚಿತನ ಜೊತೆ ಹೊರಡುತ್ತದೆ.
ಸದ್ದಿಲ್ಲದ ಕಾಲದಲ್ಲಿ ಹೇಗೋ ಸಾಗುತ್ತದೆ.
ಗುಡುಗಿದ ಗಳಿಗೆ ತೊದಲುತ್ತದೆ.

ನನ್ನ ಪುಟ್ಟ ಟೆಸ್ಟರಿಗೆ ಇದು ಕಾಣದು.
ಅದು ಕೇಳುವುದು ಒಂದೇ: ಬಂದೆಯಾ?
ಯಾರ ಜೊತೆ ಬಂದೆ ಎಂದು ಕೇಳುವುದಿಲ್ಲ.

ಏಣಿ ಹತ್ತಿ ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ.
ಜೇಡರ ಬಲೆ, ಉಪ್ಪು, ಸತ್ತ ಪತಂಗ.
ಪ್ಲಗ್ಗಿನ ಕತ್ತಿಗೆ ಬಿಳಿ ಟೇಪು, ನೀಲಿ ಶಾಯಿ:
ಟಿ. ಎಚ್., ಮತ್ತು ಒಂಬತ್ತು ವರ್ಷ ಹಿಂದಿನ ತಾರೀಖು.
ಹೆಸರು ಬರೆಯುವಷ್ಟು ಹೆಮ್ಮೆ ಇತ್ತು ಆಗ.
ಕೆಲಸಕ್ಕೆ ಸೇರಿ ಆರೇ ದಿನ.

ಎರಡೂ ತುದಿಯ ಪ್ಲಗ್ಗು ಕತ್ತರಿಸಿದೆ. ಎಳೆ ಬಿಡಿಸಿದೆ.
ಮೂರು-ಆರು, ನಾಲ್ಕು-ಐದು, ಗುಣುಗುತ್ತಾ ಕೂರಿಸಿ ಒತ್ತಿದೆ.
ಮೋಟಾರು ಗುಡುಗಿತು. ನಾವಿಬ್ಬರೂ ಉಸಿರು ಹಿಡಿದೆವು.
ಹನ್ನೆರಡು ಕಿಲೋ ನಾನೂರು ಗ್ರಾಂ
ಗದ್ದಲದ ನಡುವಿನಿಂದಲೇ ದಾಟಿ ಹೋಯಿತು.

ಅವಳು ನಗಲಿಲ್ಲ. ಕಂಬ ತೋರಿಸಿದಳು:
“ಸರಿ. ಇವು?”

ವರದಿಯಲ್ಲಿ ‘ಕಾರಣ’ ಎಂಬ ಖಾನೆ.
ನಮ್ಮೂರಲ್ಲಿ ಏನು ಕೆಟ್ಟರೂ ಮಂಜಿನ ತಲೆಗೆ ಕಟ್ಟುತ್ತಾರೆ,
ಮಂಜು ಎದುರಾಡುವುದಿಲ್ಲ.
‘ತೇವ’ ಎಂದು ಬರೆದೆ. ಹೊಡೆದು ಹಾಕಿದೆ.
ಕೆಳಗೆ ನನ್ನ ಹೆಸರು ಬರೆದೆ, ಈ ಸಲ ಪೂರ್ತಿ.
ಕಂಬದ ಫೋಟೋ ತೆಗೆದು ಲಗತ್ತಿಸಿದೆ.
ಆಫೀಸು ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ.

ಕತ್ತರಿಸಿದ ಪ್ಲಗ್ಗು ಇನ್ನೂ ಜೇಬಿನಲ್ಲಿದೆ.
ಕೈ ಹಾಕಿದಾಗಲೆಲ್ಲ ಬೆರಳಿಗೆ ಚುಚ್ಚುತ್ತದೆ.
ಒರೆಸಬೇಡ ಎಂದು ನಾನು ಹೇಳಲಿಲ್ಲ,
ಅವಳೂ ಒರೆಸಲಿಲ್ಲ.